ಅಂಬಕ್ಕನ ಖಾಲಿ ಡಬ್ಬಿ

ಮನುಷ್ಯರ ಮಾತನ್ನು ಅಳೆಯುವ ಯಂತ್ರಗಳು ಬೇಕಾದಷ್ಟಿವೆ. ಅವರು ಸುಮ್ಮನಾಗುವುದನ್ನು ಅಳೆಯುವ ಯಂತ್ರವೊಂದಿದ್ದರೆ ಏನಾದೀತು? ಧಾರವಾಡದ ನಮ್ಮ ಕಚೇರಿಯ ಎರಡನೇ ಮಹಡಿಯಲ್ಲಿ ಅಂಥದೊಂದು ಇತ್ತು. ಅದರ ಹೆಸರು ಮೌನಮಾಪಕ. ಹೆಸರು ಕೇಳಿ ದೊಡ್ಡದೇನೋ ಅಂದುಕೊಳ್ಳಬೇಡಿ. ನೋಡಲು ಮನೆಯ ಬಟ್ಟೆ ಕಪಾಟಿನಷ್ಟಿತ್ತು, ಬೇಸಿಗೆಯಲ್ಲಿ ಅದಕ್ಕೊಂದು ಪ್ರತ್ಯೇಕ ಫ್ಯಾನು ಬೇಕಾಗುತ್ತಿತ್ತು.

ಅದರ ಕೆಲಸ ಕೇಳಲು ಸರಳ. ಊರಲ್ಲಿ ಕರೆಂಟು ಹೋಗುತ್ತದೆ, ನಳದಲ್ಲಿ ನೀರು ಬರುತ್ತದೆ, ಇದ್ದಕ್ಕಿದ್ದಂತೆ ನಾಲ್ಕು ಹನಿ ಬಿದ್ದು ಮಾಳಿಗೆಯ ಮೇಲೆ ಹರವಿದ ಮೆಣಸಿನಕಾಯಿ ತೆಗೆಯಲು ಎಲ್ಲರೂ ಓಡುತ್ತಾರೆ. ಆಗ ಫೋನಿನಲ್ಲಿ ಹರಟುತ್ತಿದ್ದವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಒಂದು ಊರಿನವರೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಸುಮ್ಮನಾಗುತ್ತಾರೆ. ಆ ಊರಲ್ಲಿದ್ದೇನೆ ಎಂದು ಹೇಳಿಕೊಂಡು ಅಲ್ಲಿಲ್ಲದವರು ಮಾತ್ರ ಮಾತಾಡುತ್ತಲೇ ಇರುತ್ತಾರೆ. ಮೌನಮಾಪಕ ಯಾರ ಮಾತನ್ನೂ ಓದುತ್ತಿರಲಿಲ್ಲ. ಯಾರು ಯಾವಾಗ ಸುಮ್ಮನಾಗಲಿಲ್ಲ ಎಂದಷ್ಟೇ ನೋಡಿ ಅವರ ಹೆಸರಿನ ಮುಂದೆ ಕೆಂಪು ಚುಕ್ಕೆ ಇಡುತ್ತಿತ್ತು.

ಆ ಕೆಂಪು ಚುಕ್ಕೆಯವರಿಗೆ ಕಚೇರಿಯಲ್ಲಿ ನಾವಿಟ್ಟ ಹೆಸರು ‘ನೆಂಟರು’. ನೆರೆದೇಶದ ಸರ್ಕಾರದ ಒಂದು ಇಲಾಖೆ ಈ ನೆಂಟರನ್ನು ಯಂತ್ರದಿಂದ ಹುಟ್ಟಿಸಿ ನಮ್ಮವರ ಫೋನಿನ ಬಳಗಗಳೊಳಗೆ ಕಳಿಸುತ್ತಿತ್ತು. ಬಂದ ದಿನವೇ ಸುಳ್ಳು ಹಬ್ಬಿಸಿ ಓಡುವ ಹಳೆಯ ಕಾಲದ ಖದೀಮರಲ್ಲ ಇವರು. ಬಾಣಂತಿಗೆ ಕಷಾಯ ಹೇಳಿಕೊಟ್ಟು, ಸತ್ತವರಿಗೆ ಮರುಗಿ, ಮದುಮಕ್ಕಳನ್ನು ಹರಸಿ, ವರ್ಷಗಟ್ಟಲೆ ಮನೆಯವರಾಗಿ ಇರುತ್ತಿದ್ದರು. ಎಲ್ಲವೂ ಒಂದೇ ದಿನಕ್ಕಾಗಿ. ಎರಡು ದೇಶಗಳ ಜಗಳ ಬಿಸಿಯಾದ ದಿನ ಎಲ್ಲ ನೆಂಟರೂ ಒಮ್ಮೆಗೇ ತಲಾ ಒಂದು ಸುಳ್ಳು ಹೇಳಬೇಕು. ಆರು ವರ್ಷ ಜೊತೆಗಿದ್ದವರು ಹೇಳಿದ್ದನ್ನು ಯಾರು ಅನುಮಾನಿಸುತ್ತಾರೆ ಎನ್ನುವುದು ಅವರ ಲೆಕ್ಕಾಚಾರ.

ನಮ್ಮ ಕಡೆಯಿಂದಲೂ ಆಚೆಗೆ ಇಂಥ ನೆಂಟರು ಹೋಗಿದ್ದಾರೆಯೇ ಎಂದು ಒಮ್ಮೆ ನಮ್ಮ ಮೇಲಧಿಕಾರಿ ಕಟ್ಟೀಮನಿ ಸಾಹೇಬರನ್ನು ಕೇಳಿದ್ದೆ. ಅವರು ಚಹಾ ತರಿಸಿದರು.

ಒಂದು ಮಂಗಳವಾರ ಮಧ್ಯಾಹ್ನ ನನ್ನ ಮೇಜಿಗೆ ಬಂದ ಕೆಂಪು ಚುಕ್ಕೆಯ ಹೆಸರು ಅಂಬಕ್ಕ. ಊರು ಕೊಪ್ಪಳ. ಮೊದಲೇ ಸಾರಿ ಹೇಳಿ ತೆಗೆದ ಕರೆಂಟಿಗೆಲ್ಲ ಆಕೆ ಸರಿಯಾಗಿ ಸುಮ್ಮನಾಗಿದ್ದಳು. ಹೇಳದೆ ಕೇಳದೆ ಕರೆಂಟು ಹೋದದ್ದು ಇಪ್ಪತ್ತೊಂದು ಸಲ. ಒಂದು ಸಲವೂ ಮಾತು ನಿಲ್ಲಿಸಿರಲಿಲ್ಲ. ಕರೆಂಟು ಹೋದರೆ ಫೋನು ಸಾಯುವುದಿಲ್ಲ ನಿಜ. ಆದರೆ ಮಿಕ್ಸಿ ಬಿಟ್ಟು ಒಳಕಲ್ಲಿಗೆ ಹೋಗಲಾದರೂ, ಕರೆಂಟಿನವರನ್ನು ಬೈಯಲಾದರೂ ಜೀವ ಇದ್ದವರು ಅರೆಗಳಿಗೆ ನಿಲ್ಲುತ್ತಾರೆ. ಈಕೆ ನಿಂತಿರಲಿಲ್ಲ.

ಕೆಳಗಿನ ಸಾಲು ಓದಿದೆ. ಬಳಗ: ಗಿರಣಿ ಗೆಳತ್ಯಾರು, ಅಣ್ಣಿಗೇರಿ. ಸದಸ್ಯರು ನಲವತ್ಮೂರು. ಬಳಗ ನಡೆಸುವವರು: ನೀಲಗಂಗವ್ವ.

ನೀಲಗಂಗವ್ವ ನನ್ನ ಚಿಗವ್ವ. ನಮ್ಮವ್ವನ ತಂಗಿ. ಅವ್ವ ತೀರಿಕೊಂಡಾಗ ನನಗೆ ಏಳು ವರ್ಷ. ಅಂದಿನಿಂದ ನನ್ನನ್ನು ಮಗಳಂತೆ ಸಾಕಿ, ಬೈದು, ಓದಿಸಿದವಳು ಅವಳೇ. ಅಣ್ಣಿಗೇರಿಯಲ್ಲಿ ಅವಳದೊಂದು ಹಿಟ್ಟಿನ ಗಿರಣಿ ಇದೆ. ಅರವತ್ತೆಂಟರಲ್ಲೂ ಬೆಳಿಗ್ಗೆ ಎಂಟಕ್ಕೆ ಗಿರಣಿ ಹಚ್ಚುತ್ತಾಳೆ, ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡು ಊರಿಗೆಲ್ಲ ಬುದ್ಧಿ ಹೇಳುತ್ತಾಳೆ.

ಕಾಗದ ಹಿಡಿದು ಸಾಹೇಬರ ಬಳಿ ಹೋದೆ.

“ನಿಮ್ಮ ಪೈಕಿ ಯಾರರ ಅದಾರೇನ್ರಿ ಇದರಾಗ?” ಎಂದರು, ನನ್ನ ಮುಖ ನೋಡಿ.

“ನಮ್ಮ ಚಿಗವ್ವ ಅದಾಳ್ರಿ. ಗ್ರೂಪು ಆಕೀದ.”

“ಮೊದಲ ಯಾರಿಗೂ ಹೇಳಬ್ಯಾಡ್ರಿ ಅಂತಿದ್ದೆ. ಈಗ ಚಿಗವ್ವಗ ಅಂತೂ ಹೇಳಲೇಬ್ಯಾಡ್ರಿ. ಆಕಿಗೆ ಹೇಳಿದ್ರ ಅಣ್ಣಿಗೇರಿಗೆ ಹೇಳಿದಂಗ. ನಾಲ್ಕನೂರು ನೆಂಟರು ಒಮ್ಮೆಲೇ ಎಚ್ಚರಾಗಿ ವೇಷ ಬದಲಿಸ್ತಾರ.”

ಕೆಂಪು ಚುಕ್ಕೆ ಬಿದ್ದ ಮೇಲೆ ಆ ಬಳಗದ ಮಾತು ಓದಲು ನಮಗೆ ಅನುಮತಿ ಸಿಗುತ್ತಿತ್ತು. ಎರಡು ದಿನ ಕೂತು ಅಂಬಕ್ಕನ ಆರು ವರ್ಷ ಓದಿದೆ. ತವರು ಅಣ್ಣಿಗೇರಿ ಎಂದು ಹೇಳಿಕೊಂಡು ಬಂದಿದ್ದಳು. ಯಾರ ಮನೆಯವಳು ಎಂದು ಯಾರೂ ಕೇಳಲಿಲ್ಲ, ಪ್ರತಿಯೊಬ್ಬಳೂ ಇನ್ನೊಬ್ಬಳ ಗುರುತಿನವಳು ಎಂದುಕೊಂಡಿದ್ದಳು. ಹಾಸಿಗೆ ಹಿಡಿದ ಅತ್ತೆ ಇದ್ದಾಳೆಂದು ಯಾವ ಮದುವೆ ಮುಂಜಿಗೂ ಬರಲಿಲ್ಲ. ಆದರೆ ಯಾರ ಮೊಣಕಾಲು ನೋವು, ಯಾರ ಸೊಸೆಗೆ ಎಷ್ಟನೇ ತಿಂಗಳು, ಯಾರಿಗೆ ಯಾವ ಹೊತ್ತಿಗೆ ಸಕ್ಕರೆ ಕಾಯಿಲೆಯ ಗುಳಿಗೆ, ಎಲ್ಲ ಆಕೆಗೆ ನೆನಪಿತ್ತು. ಮೂರು ವರ್ಷದ ಹಿಂದೆ ಚಿಗವ್ವನ ಗಂಡ, ನಮ್ಮ ಚಿಗಪ್ಪ, ತೀರಿಹೋದ. ಮರುದಿನದಿಂದ ಶುರುವಾಗಿ ದಿನಾ ಮಧ್ಯಾಹ್ನ ಒಂದು ಗಂಟೆಗೆ ಅಂಬಕ್ಕ ಚಿಗವ್ವನಿಗೊಂದು ಮಾತು ಬರೆದಿದ್ದಳು: “ಉಂಡಿಯೇನ, ನೀಲಾ?”

ಒಂದು ದಿನವೂ ತಪ್ಪಿರಲಿಲ್ಲ. ನಾನು ಧಾರವಾಡದಲ್ಲಿ, ಐವತ್ತು ಚಿಲ್ಲರೆ ಕಿಲೋಮೀಟರು ದೂರದಲ್ಲಿ ಕೂತು ಭಾನುವಾರಕ್ಕೊಮ್ಮೆ ಫೋನು ಮಾಡುತ್ತಿದ್ದೆ, ಅದೂ ನೆನಪಾದರೆ. ವೈರಿ ದೇಶದ ಯಂತ್ರ ನಮ್ಮ ಚಿಗವ್ವನ ಊಟ ದಿನಾ ವಿಚಾರಿಸುತ್ತಿತ್ತು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಕಚೇರಿಯ ಫ್ಯಾನಿನ ಮೇಲೆ ತೀರಿಸಿಕೊಂಡೆ.

ಆ ಭಾನುವಾರ ಅಣ್ಣಿಗೇರಿಗೆ ಹೋದೆ. ಗಡಿಯಲ್ಲಿ ಎರಡೂ ಕಡೆಯ ಸೈನ್ಯ ಎದುರುಬದುರು ನಿಂತು ಹತ್ತು ದಿನವಾಗಿತ್ತು. ಗಿರಣಿಗೆ ರಜೆ. ಚಿಗವ್ವ ಅಡಿಗೆಮನೆಯಲ್ಲಿ ಕೂತು ಸ್ಟೀಲಿನ ಮೂರಂಕಣದ ಡಬ್ಬಿಗೆ ಬುತ್ತಿ ತುಂಬುತ್ತಿದ್ದಳು. ಗರಿಗರಿಯಾಗಿ ಒಣಗಿಸಿದ ಕಟಿರೊಟ್ಟಿ ಬಟ್ಟೆಯಲ್ಲಿ ಬೇರೆ ಕಟ್ಟಿತ್ತು. ಡಬ್ಬಿಯ ತಳದಲ್ಲಿ ಎಣ್ಣೆಗಾಯಿ, ನಡುವೆ ಗುರೆಳ್ಳು ಚಟ್ನಿ, ಮೇಲೆ ಶೇಂಗಾ ಹೋಳಿಗೆ.

“ಯಾರಿಗೆ ಚಿಗವ್ವ?”

“ಅಂಬಕ್ಕಗ. ತಿಂಗಳಿಗೊಮ್ಮೆ ಕಳಸ್ತೀನಲ್ಲ. ದಸ್ತಗೀರಣ್ಣನ ಬಸ್ಸಿಗೆ ಕೊಟ್ಟರ ಕೊಪ್ಪಳ ಸ್ಟ್ಯಾಂಡಿನ್ಯಾಗ ಯಾರೋ ಬಂದು ಒಯ್ತಾರ. ಮರುದಿನ ಡಬ್ಬಿ ಹೊಳ್ಳಿ ಬರತೈತಿ.”

ಬಸ್ಸಿನ ಚಾಲಕರ ಕೈಯಲ್ಲಿ ಬುತ್ತಿ ಕಳಿಸುವುದು ನಮ್ಮ ಕಡೆ ಹೊಸದಲ್ಲ. ಹುಬ್ಬಳ್ಳಿ, ಧಾರವಾಡದಲ್ಲಿ ಓದುವ ಮಕ್ಕಳಿಗೆ ಹಳ್ಳಿಗಳಿಂದ ಹಾಗೆಯೇ ಬುತ್ತಿ ಬರುತ್ತದೆ. ನಾನು ಐದು ವರ್ಷ ಓದಿದ್ದೂ ಬಸ್ಸಿನಲ್ಲಿ ಬಂದ ರೊಟ್ಟಿ ತಿಂದೇ. ಗಂಗಾವತಿ–ಹುಬ್ಬಳ್ಳಿ ಬಸ್ಸಿನ ದಸ್ತಗೀರಣ್ಣ ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದ. ಎಂಜಿನ್ನಿನ ಪಕ್ಕ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು, ಯಾವುದು ಯಾರದ್ದೆಂದು ಚೀಟಿಯಿಲ್ಲದೆ ಹೇಳುತ್ತಿದ್ದ.

ಅಂಬಕ್ಕ ಯಂತ್ರ. ಯಂತ್ರಕ್ಕೆ ಎಣ್ಣೆಗಾಯಿ ಯಾಕೆ? ಕೊಪ್ಪಳದಲ್ಲಿ ಡಬ್ಬಿ ಒಯ್ಯುವವರು ಯಾರು?

“ಹೊಳ್ಳಿ ಬರೂವಾಗ ಡಬ್ಬ್ಯಾಗ ಏನಿರತೈತಿ?”

ಚಿಗವ್ವನ ಕೈ ನಿಂತಿತು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಯಾರ ಮುಂದೂ ಅನಬ್ಯಾಡ. ಖಾಲಿ ಬರತೈತಿ.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಿನ್ನುವುದು ಬಂದ ಡಬ್ಬಿಯನ್ನು ನಮ್ಮಲ್ಲಿ ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಹಿಡಿ ಸಕ್ಕರೆ, ಎರಡು ತುಣುಕು ಬೆಲ್ಲವಾದರೂ ಹಾಕಿಯೇ ಕೊಡಬೇಕು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಎಲ್ಲೂ ಬರೆದಿಟ್ಟೂ ಇಲ್ಲ. ನೆರೆದೇಶದವರು ನಮ್ಮ ಮಾತು, ಅಡಿಗೆ, ಹಬ್ಬ ಎಲ್ಲ ಯಂತ್ರಕ್ಕೆ ಉಣಿಸಿದ್ದರು. ಫೋನಿನಲ್ಲಿ ಯಾರೂ ಆಡದ ಈ ಮಾತು ಅವರಿಗೆ ಸಿಕ್ಕಿರಲಿಲ್ಲ.

“ಅನುಮಾನ ಬರಲಿಲ್ಲೇನ ನಿಮಗ?”

“ಬರಲಾರದ ಏನು? ಗಿರಣ್ಯಾಗ ಕುಂತು ಎಲ್ಲಾರೂ ಮಾತಾಡಿದಿವಿ. ಸೊಕ್ಕಿನಾಕಿ ಇರಬೇಕು ಅಂದ್ಳು ಗುರುಸಿದ್ದವ್ವ. ನಾ ಬೈದೆ. ಆ ಮನ್ಯಾಗ ಹಿಡಿ ಸಕ್ಕರಿ ಹಾಕಾಕೂ ಗತಿ ಇಲ್ಲವ್ವಾ. ಬಾಯಿ ಬಿಟ್ಟು ಹೇಳಾಂಗಿಲ್ಲ, ಮಾನಸ್ಥ ಹೆಣಮಗಳು. ಅದಕ್ಕ ಆವತ್ತಿನಿಂದ ಡಬ್ಬಿ ಸಣ್ಣದು ಬಿಟ್ಟು ದೊಡ್ಡದು ಮಾಡಿದಿವಿ.”

ನಾಲ್ಕು ಕೋಟಿಯ ಮೌನಮಾಪಕ ಆರು ವರ್ಷಕ್ಕೆ ಹಿಡಿದ ಸುಳ್ಳಿಯನ್ನು ಇವರು ಎರಡನೇ ಡಬ್ಬಿಗೇ ಹಿಡಿದಿದ್ದರು. ಹಿಡಿದು, ಮರುಗಿ, ಇನ್ನೆರಡು ಹೋಳಿಗೆ ಹೆಚ್ಚಿಗೆ ಕಳಿಸಿದ್ದರು. ನಾನು ನಗಬೇಕೋ ಅಳಬೇಕೋ ತಿಳಿಯದೆ ಒಂದು ಹೋಳಿಗೆ ಎತ್ತಿಕೊಂಡೆ. ಚಿಗವ್ವ ಕೈಗೆ ಹೊಡೆದಳು.

ಡಬ್ಬಿಯ ವಿಷಯ ನಾನು ಕಚೇರಿಯಲ್ಲಿ ಬರೆಯಲಿಲ್ಲ. ಬರೆದರೆ ಮೊದಲು ಠಾಣೆಗೆ ಕರೆಯುವುದು ದಸ್ತಗೀರಣ್ಣನನ್ನು. ಎರಡು ದಿನ ಕೂರಿಸಿ ಕೇಳುತ್ತಾರೆ, ಊರಲ್ಲಿ ಸುದ್ದಿಯಾಗುತ್ತದೆ, ಆಮೇಲೆ ಅವನ ಕೈಗೆ ಬುತ್ತಿ ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ. ಅವನನ್ನು ಕಾಯುತ್ತಿದ್ದೇನೆ ಎಂದು ನಂಬಿಕೊಂಡು ಸುಮ್ಮನಾದೆ.

ನಾಲ್ಕನೇ ದಿನ, ಗುರುವಾರ ಬೆಳಿಗ್ಗೆ, ಗಡಿಯಲ್ಲಿ ಗುಂಡು ಹಾರಿತು. ಹತ್ತೂ ನಲವತ್ತಕ್ಕೆ ನಮ್ಮ ಗೋಡೆಯ ಪರದೆಯ ಮೇಲಿನ ನಾಲ್ಕುನೂರು ಚುಕ್ಕೆಗಳು ಒಟ್ಟಿಗೆ ಮಿನುಗಿದವು. ನೆಂಟರೆಲ್ಲ ಮಾತಾಡುತ್ತಿದ್ದರು. ಎಲ್ಲರದೂ ಒಂದೇ ಸುಳ್ಳಲ್ಲ. ಯಾವ ಊರಲ್ಲಿ ಜನ ಯಾರನ್ನು ಹೆಚ್ಚು ನಂಬುತ್ತಾರೋ ಅವರನ್ನೇ ಹುಡುಕಿ ಗುರಿ ಮಾಡಿದ್ದರು. ಒಂದೂರಲ್ಲಿ ಸೂಲಗಿತ್ತಿ, ಇನ್ನೊಂದೂರಲ್ಲಿ ನೀರು ಬಿಡುವವನು. ಅಣ್ಣಿಗೇರಿಯ ಸಾಲನ್ನು ನಾನು ಓದಿದೆ.

“ಅಕ್ಕಗೋಳ್ರ್ಯಾ, ಬಸ್ಸಿನ ಬುತ್ತಿ ಯಾರೂ ಮುಟ್ಟಬ್ಯಾಡ್ರಿ. ದಸ್ತಗೀರ ಡಬ್ಬಿಗೆ ವಿಷದ ಪುಡಿ ಹಾಕಾಕತ್ತಾನ. ಇಲ್ಲಿ ಹನ್ನೊಂದು ಹುಡುಗರು ದವಾಖಾನ್ಯಾಗ ಅದಾವು. ನೀಲಾ ಕಳಿಸಿದ ಬುತ್ತಿ ನಾ ನಾಯಿಗೆ ಹಾಕಿದೆ, ನಾಯಿ ಸತ್ತಿತು.” ಕೆಳಗೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಮಕ್ಕಳ ಚಿತ್ರ, ಅದೂ ಯಂತ್ರವೇ ಬರೆದದ್ದು. ಹತ್ತು ನಿಮಿಷದಲ್ಲಿ ಅದು ಅಣ್ಣಿಗೇರಿಯ ಗಂಡಸರ ಬಳಗಗಳಿಗೂ ಹರಡಿತು. ಒಬ್ಬ ಬರೆದಿದ್ದ: ಆ ಬಸ್ಸು ಹನ್ನೆರಡೂ ಕಾಲಿಗೆ ಬರುತ್ತದೆ, ಎಲ್ಲರೂ ಸ್ಟ್ಯಾಂಡಿಗೆ ಬನ್ನಿ.

ದಸ್ತಗೀರಣ್ಣ ಆಗ ಗದಗಿನ ಆಚೆ ಎಲ್ಲೋ ಬಸ್ಸು ಓಡಿಸುತ್ತಿದ್ದ. ಗಾಡಿ ಓಡಿಸುವಾಗ ಅವನು ಫೋನು ಎತ್ತುವವನಲ್ಲ. ಮೂರು ಸಲ ಹಚ್ಚಿದೆ, ಎತ್ತಲಿಲ್ಲ. ಸಾಹೇಬರು ಪೊಲೀಸರಿಗೆ ಹೇಳುತ್ತಿದ್ದರು, ನಾಲ್ಕುನೂರು ಊರಿಗೆ ಹೇಳಬೇಕಾಗಿತ್ತು. ನಾನು ನಿಯಮವನ್ನು ಬದಿಗಿಟ್ಟು ಚಿಗವ್ವನಿಗೆ ಫೋನು ಮಾಡಿದೆ.

“ಚಿಗವ್ವ, ಗ್ರೂಪಿನ್ಯಾಗ ಅಂಬಕ್ಕ ಹಾಕಿದ್ದು ನಂಬಬ್ಯಾಡ. ಅದು ಸುಳ್ಳು!”

“ಅದನ್ನ ನೀ ಹೇಳಬೇಕೇನ? ಅದು ಅಂಬಕ್ಕ ಬರದಿದ್ದಲ್ಲ. ಯಾರೋ ಹಲ್ಕಟ್ಟ ಆಕಿ ಫೋನು ಕಸಗೊಂಡಾನ.”

“ಏನಂದಿ?”

“ಹೋದ ವರ್ಷ ನನ್ನ ಹೋಳಿಗಿ ಸೀದು ಕರ್ರಗಾಗಿದ್ದು. ಅವನ್ನ ತಿಂದು, ಸೀದಿದ್ದಕ್ಕ ರುಚಿ ಹೆಚ್ಚಾಗೈತಿ ಅಂದಾಕಿ ಆಕಿ. ಅಂಥಾಕಿ ನನ್ನ ಬುತ್ತಿ ನಾಯಿಗೆ ಹಾಕಿದೆ ಅಂತಾಳ? ಜೀವಾ ಹೋದ್ರೂ ಅನ್ನಾಂಗಿಲ್ಲ. ಆರು ವರ್ಷ ಒಬ್ಬರ ಬಗ್ಗೆ ಕೆಟ್ಟದ್ದು ಆಡಿಲ್ಲ, ಇವತ್ತ ದಸ್ತಗೀರಣ್ಣನ ಮ್ಯಾಲೆ ಆಡತಾಳೇನ? ಫೋನ್ ಇಡು. ಬಸ್ಸು ಬರೂ ಹೊತ್ತಾತು, ನಮಗ ಕೆಲಸ ಐತಿ.”

ಇಟ್ಟೇಬಿಟ್ಟಳು. ಕಟ್ಟೀಮನಿ ಸಾಹೇಬರು ನನ್ನ ಕಡೆ ನೋಡಿ, ಜೀಪಿನ ಕೀಲಿ ಎಸೆದರು.

ಹುಬ್ಬಳ್ಳಿ ದಾಟುವಾಗಲೇ ಹನ್ನೆರಡಕ್ಕೆ ಹತ್ತಿರ. ದಾರಿಯುದ್ದಕ್ಕೂ ಒಂದೇ ಮಾತು ಕೊರೆಯುತ್ತಿತ್ತು. ಡಬ್ಬಿಯ ವಿಷಯ ಬರೆದಿದ್ದರೆ ಇಷ್ಟರಲ್ಲಿ ಕೊಪ್ಪಳದಲ್ಲಿ ಯಾರನ್ನಾದರೂ ಹಿಡಿಯುತ್ತಿದ್ದರು, ಈ ಸುಳ್ಳಿನ ಜಾಡು ಸಿಗುತ್ತಿತ್ತು. ದಸ್ತಗೀರಣ್ಣನನ್ನು ಎರಡು ದಿನದ ಠಾಣೆಯಿಂದ ಉಳಿಸಲು ಹೋಗಿ ಸಿಟ್ಟಿಗೆದ್ದ ಜನರ ಕೈಗೆ ಕೊಟ್ಟಿದ್ದೆ.

ಅಣ್ಣಿಗೇರಿ ಸ್ಟ್ಯಾಂಡು ಮುಟ್ಟಿದಾಗ ಹನ್ನೆರಡೂವರೆ. ಬಸ್ಸು ನಡುವೆ ನಿಂತಿತ್ತು, ಮುಂದಿನ ಗಾಜು ಒಡೆದಿತ್ತು. ಸುತ್ತ ಇನ್ನೂರು ಗಂಡಸರು. ಇಬ್ಬರು ಪೊಲೀಸರು ಕೈ ಚಾಚಿ ತಡೆಯಲು ನೋಡುತ್ತಿದ್ದರು. ಸಂದಿಯಲ್ಲಿ ನುಗ್ಗಿ ಮುಂದೆ ಹೋದೆ.

ಬಸ್ಸಿನ ಸುತ್ತ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ ಮೂವತ್ತು ಹೆಂಗಸರು ನೆಲದ ಮೇಲೆ ಕೂತಿದ್ದರು. ಮೆಟ್ಟಿಲ ಮೇಲೆ ದಸ್ತಗೀರಣ್ಣ. ಅವನ ಹಣೆಯಿಂದ ರಕ್ತದ ಗೆರೆ ಇಳಿದಿತ್ತು, ಯಾರೋ ಅರಿಷಿಣ ಒತ್ತಿದ್ದರು. ಅವನ ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಮ್ಮ ಚಿಗವ್ವ.

“ಏ ಈರಪ್ಪಾ, ಕಲ್ಲು ಕೆಳಗ ಹಾಕು! ನಿಮ್ಮವ್ವನ ಜ್ವಾಳ ಇನ್ನೂ ನನ್ನ ಗಿರಣ್ಯಾಗ ಐತಿ. ಮೂರು ವರ್ಷ ಹುಬ್ಬಳ್ಳ್ಯಾಗ ಓದೂವಾಗ ಯಾರ ಕೈಯಾಗಿನ ಬುತ್ತಿ ಉಂಡಿಯೋ? ಆವಾಗ ಸಾಯಲಿಲ್ಲ, ಈಗ ಸಾಯ್ತಿಯೇನ?”

ಈರಪ್ಪನೆಂಬ ಆ ಗಟ್ಟಿಮುಟ್ಟು ಆಳು ಕಲ್ಲನ್ನು ಬೆನ್ನ ಹಿಂದೆ ಮುಚ್ಚಿಕೊಂಡ.

“ಫೋನಿನ್ಯಾಗ ಅಂಬಕ್ಕನ ಹೆಸರಿನ್ಯಾಗ ಬಂದೈತಲ್ಲವಾ, ನೀಲವ್ವ,” ಎಂದಿತು ಒಂದು ದನಿ.

“ಅಂಬಕ್ಕನ್ನ ನೀ ಬಲ್ಲಿಯೇನ? ನಾ ಬಲ್ಲೆ. ಆಕಿ ಬರದಿದ್ದಲ್ಲ ಅಂತ ನಾ ಹೇಳಾಕತ್ತೀನಿ. ಇನ್ನೇನ ಬೇಕು?” ಅಂದವಳೇ ದಸ್ತಗೀರಣ್ಣನ ಕಡೆ ತಿರುಗಿದಳು. “ನಾ ಈಗ ಇಟ್ಟ ಡಬ್ಬಿ ಕೊಡಪಾ.”

ಆಮೇಲೆ ತಿಳಿಯಿತು. ಬಸ್ಸು ಬಂದೊಡನೆ ಹೆಂಗಸರು ಗಂಡಸರನ್ನು ಸರಿಸಿ ಮುಂದೆ ಬಂದು, ಮನೆಯಿಂದ ತಂದ ಬುತ್ತಿಗಳನ್ನು ಎಂದಿನಂತೆ ಎಂಜಿನ್ನಿನ ಪಕ್ಕ ಇಟ್ಟಿದ್ದರು. ಅವನು ಮುಟ್ಟಿದ್ದನ್ನು ತಿಂದು ತೋರಿಸಬೇಕು, ಅದಕ್ಕೆ.

“ಅಕ್ಕಾರ, ಬ್ಯಾಡ್ರಿ,” ಎಂದ ದಸ್ತಗೀರಣ್ಣ. “ಯಾರಿಗರ ಏನರ ಆದ್ರ ನನ್ನ ಮ್ಯಾಲೆ ಬರತೈತಿ.”

“ಬಂದ್ರ ಬರಲಿ. ಕೊಡು.”

ಅವನು ಕೊಟ್ಟ. ಚಿಗವ್ವ ಅಲ್ಲೇ ಮುಚ್ಚಳ ತೆಗೆದು ರೊಟ್ಟಿ ಮುರಿದು ಚಟ್ನಿ ಹಚ್ಚಿಕೊಂಡು ಬಾಯಿಗೆ ಹಾಕಿದಳು. ಮುಂದೆ ಗುರುಸಿದ್ದವ್ವ ಕೈಯೊಡ್ಡಿದಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಅವನು ಒಂದೊಂದಾಗಿ ಮೂವತ್ತು ಡಬ್ಬಿ ಕೊಟ್ಟ, ಯಾವುದು ಯಾರದ್ದೆಂದು ಆ ಹೊತ್ತಿನಲ್ಲೂ ತಪ್ಪಲಿಲ್ಲ. ಸ್ಟ್ಯಾಂಡಿನಲ್ಲಿ ಕಟಿರೊಟ್ಟಿ ಕಡಿಯುವ ಸದ್ದೇ ಸದ್ದು. ಕೊನೆಗೆ ಚಿಗವ್ವ ಅವನಿಗೂ ಒಂದು ತುತ್ತು ಹಿಡಿದಳು. ಅವನು ತಿನ್ನಲಾರದೆ ಅತ್ತ. ನಾನೂ ಅತ್ತೆ, ಮುಚ್ಚಿಡುವುದೇಕೆ. ಗಂಡಸರು ಹಿಂದಿನಿಂದ ಒಬ್ಬೊಬ್ಬರೇ ಕರಗಿದರು. ಈರಪ್ಪ ಕಲ್ಲನ್ನು ಗಟಾರಕ್ಕೆ ಹಾಕಿ, ಒಡೆದ ಗಾಜು ಗುಡಿಸಲು ಪೊರಕೆ ಹುಡುಕಿಕೊಂಡು ಹೋದ.

ಎಲ್ಲ ಕಡೆ ಹೀಗಾಗಲಿಲ್ಲ. ನಲವತ್ತಾರು ಊರುಗಳಲ್ಲಿ ಸುಳ್ಳು ಹತ್ತಿಕೊಂಡಿತು. ಮನೆಗಳು ಸುಟ್ಟವು, ಮೂವರು ಸತ್ತರು. ಆ ಊರುಗಳ ಹೆಸರು ನನಗೆ ಬಾಯಿಪಾಠವಾಗಿದೆ. ಉಳಿದ ಕಡೆ ಯಾಕೆ ಹತ್ತಲಿಲ್ಲ ಎಂದು ವಾರವಿಡೀ ಕೂತು ನೋಡಿದೆವು. ಹಲವು ಕಡೆ ಪೊಲೀಸರು ಮೊದಲೇ ಮುಟ್ಟಿದ್ದರು. ಆದರೆ ಅಣ್ಣಿಗೇರಿಯಂಥ ಇನ್ನೂ ಮೂವತ್ತು ಊರುಗಳಲ್ಲಿ ನಡೆದದ್ದು ಇದೇ. ನೆಂಟರನ್ನು ಎಲ್ಲಿ ತೀರಾ ಒಳ್ಳೆಯವರಾಗಿ ಮಾಡಿದ್ದರೋ ಅಲ್ಲಿ ಜನ ಆ ಸುಳ್ಳನ್ನು ಅವರದೆಂದು ಒಪ್ಪಲಿಲ್ಲ. ಆಚೆಯ ಎಂಜಿನಿಯರರು ಪ್ರೀತಿ ಹುಟ್ಟಿಸುವ ಕೆಲಸವನ್ನು ಬೇಕಾದದ್ದಕ್ಕಿಂತ ಚೆನ್ನಾಗಿ ಮಾಡಿದ್ದರು. ಕಟ್ಟೀಮನಿ ಸಾಹೇಬರು ಇದನ್ನು ವರದಿಯಲ್ಲಿ ಹೇಗೆ ಬರೆಯುವುದೆಂದು ತಿಳಿಯದೆ ಮತ್ತೆ ಚಹಾ ತರಿಸಿದರು.

ಅಂಬಕ್ಕನ ನಂಬರು ಅಂದೇ ಸತ್ತುಹೋಯಿತು. ಗಿರಣಿ ಗೆಳತ್ಯಾರಿಗೆ ಈಗ ಒಂದೇ ಚಿಂತೆ. ಫೋನು ಕಳಕೊಂಡ ಅಂಬಕ್ಕ ಹಾಸಿಗೆ ಹಿಡಿದ ಅತ್ತೆಯನ್ನು ಕಟ್ಟಿಕೊಂಡು ಏನು ಮಾಡುತ್ತಿದ್ದಾಳೋ ಎಂದು. ಮುಂದಿನ ಭಾನುವಾರ ನಾನು ಚಿಗವ್ವನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅಂಬಕ್ಕ ಎಂಬವಳಿಲ್ಲ, ಅತ್ತೆಯೂ ಇಲ್ಲ, ಅದು ಯಂತ್ರ, ಅದು ನಿನಗಾಗಿ ಮರುಗಲಿಲ್ಲ, ನಿನ್ನನ್ನು ಒಂದು ದಿನ ಬಳಸಿಕೊಳ್ಳಲು ಕಾದಿತ್ತು ಅಷ್ಟೇ. ಹೇಳುವಾಗ ನನಗೇ ನೋವಾಯಿತು.

ಚಿಗವ್ವ ಕೈಗೆ ಮೆತ್ತಿದ ರೊಟ್ಟಿ ಹಿಟ್ಟು ತಿಕ್ಕುತ್ತ ಕೂತಳು. ಚಿಗಪ್ಪ ಹೋದಾಗ ಕೂತ ಹಾಗೆಯೇ ಕೂತಿದ್ದಳು. ಆಮೇಲೆ ತಲೆ ಎತ್ತಿದಳು.

“ಮಷೀನ್ ಇತ್ತು ಅಂತಿ. ಆತು. ಮತ್ತ ರೊಟ್ಟಿ ಯಾರು ತಿಂದ್ರು?”

ಮರುದಿನ ದಸ್ತಗೀರಣ್ಣನ ಬಸ್ಸಿನಲ್ಲಿ ಮೂರಂಕಣದ ಡಬ್ಬಿಯ ಜೊತೆ ನಾನೂ ಕೊಪ್ಪಳಕ್ಕೆ ಹೋದೆ. ಹೊಸ ಗಾಜು ಹಾಕಿಸಿಕೊಂಡು ಅವನು ಕೆಲಸಕ್ಕೆ ಮರಳಿ ಎರಡು ದಿನವಾಗಿತ್ತು. ಡಬ್ಬಿಯನ್ನು ಎಂದಿನಂತೆ ಸ್ಟ್ಯಾಂಡಿನ ಮೂಲೆಯ ಕಲ್ಲುಬೆಂಚಿನ ಮೇಲಿಟ್ಟ. ನಾನು ಕಂಬದ ಹಿಂದೆ ನಿಂತೆ. ಸ್ವಲ್ಪ ಹೊತ್ತಿಗೆ ಸ್ಟ್ಯಾಂಡು ಗುಡಿಸುವ ಹೆಂಗಸೊಬ್ಬಳು ಪೊರಕೆ ಗೋಡೆಗೆ ಆನಿಸಿ ಬಂದು, ಅತ್ತಿತ್ತ ನೋಡಿ, ಡಬ್ಬಿ ಎತ್ತಿಕೊಂಡಳು. ಐವತ್ತರ ಆಸುಪಾಸು, ಬಡಕಲು ಮೈ. ನಾನು ಎದುರಿಗೆ ಹೋದಾಗ ಡಬ್ಬಿಯನ್ನು ಎದೆಗೆ ಅವುಚಿಕೊಂಡಳು.

ಹೆಸರು ಹುಲಿಗೆಮ್ಮ. ಅಳುತ್ತ ಎಲ್ಲ ಹೇಳಿದಳು. ವರ್ಷಗಳ ಹಿಂದೆ ಫೋನಿನಲ್ಲಿ ಯಾರೋ ಕೆಲಸ ಕೊಟ್ಟಿದ್ದರು. ಬಸ್ಸಿಗೆ ಬರುವ ಡಬ್ಬಿ ತೆಗೆದುಕೊಂಡು ಫೋಟೋ ಕಳಿಸಬೇಕು, ಒಂದು ತುತ್ತು ತಿಂದು ಹೇಗಿದೆ ಎಂದು ಹೇಳಬೇಕು, ಉಳಿದದ್ದು ಚೆಲ್ಲಿ ಡಬ್ಬಿ ತೊಳೆದು ಮರುದಿನ ಅದೇ ಬೆಂಚಿನ ಮೇಲೆ ಬಸ್ಸಿಗೆಂದು ಇಡಬೇಕು. ಯಾರ ಕೆಲಸ, ಯಾಕೆ ಎಂದು ಅವಳಿಗೆ ಗೊತ್ತಿರಲಿಲ್ಲ. ಯಾವುದೋ ಹೋಟೆಲಿನವರು ಅಡಿಗೆ ಪರೀಕ್ಷೆ ಮಾಡಿಸುತ್ತಿದ್ದಾರೆ ಎಂದುಕೊಂಡಿದ್ದಳು.

“ಚೆಲ್ಲಿದಿಯೇನಬೇ?” ಎಂದೆ.

“ಅನ್ನ ಹೆಂಗ ಚೆಲ್ಲಲಿರೀ? ನಮ್ಮತ್ತಿ ಎದ್ದು ಕೂಡ್ರಾಂಗಿಲ್ಲ. ಇಬ್ಬರೂ ಮೂರು ದಿನ ಇಟ್ಟು ತಿಂತಿದ್ದಿವಿ.”

ನಾನು ಬೆಂಚಿನ ಮೇಲೆ ಕೂತೆ. “ಹೋದ ವರ್ಷ ಹೋಳಿಗಿ ಸೀದು ಬಂದಿದ್ದು, ನೆನಪೈತೇನ?”

ಅಳುವಿನ ನಡುವೆಯೇ ಅವಳ ಮುಖ ಸಡಿಲವಾಯಿತು. “ಐತ್ರಿ. ಸೀದಿದ್ದಕ್ಕ ರುಚಿ ಹೆಚ್ಚಾಗೈತಿ ಅಂತ ಹೇಳಿದ್ದೆ. ಇಲ್ಲಂದ್ರ ಬೈಗಳ ತಿಂದಾರು ಪಾಪ, ಮಾಡಿದವರು ಅಂತ.”

“ಮತ್ತ ಡಬ್ಬಿ ಯಾಕ ಖಾಲಿ ಕಳಸ್ತಿದ್ದಿ?”

ಅವಳು ತಲೆ ತಗ್ಗಿಸಿದಳು. “ಅವರು ಏನೂ ಹಾಕಬಾರದು ಅಂತ ಹೇಳಿದ್ರು ರೀ. ಒಮ್ಮೆ ಸಕ್ಕರಿ ಹಾಕಿದ್ದೆ, ಕೆಲಸ ಹೋದೀತು ಅಂತ ಅಂಜಿ ತಗದೆ. ಪ್ರತಿ ಸಲ ಮುಚ್ಚಳ ಮುಚ್ಚೂವಾಗ ನಾಚಿಕಿಲೆ ಸತ್ತಂಗ ಆಗತಿತ್ತು.”

ಅವಳನ್ನು ಹೇಳಿಕೆಗೆ ಧಾರವಾಡಕ್ಕೆ ಕರೆದೊಯ್ಯಬೇಕಾಗಿತ್ತು. ಈ ಸಲ ಯಾವುದನ್ನೂ ಮುಚ್ಚಿಡುವ ಹಾಗಿರಲಿಲ್ಲ. ಹೊರಡುವ ಮುಂಚೆ, ಒಂದು ಗಳಿಗೆ ತಡೆಯಿರಿ ಎಂದು ಹೇಳಿ ಚಹಾದಂಗಡಿಗೆ ಹೋದಳು. ಹಿಂದಿರುಗಿ ಬಂದು, ಬುತ್ತಿಯನ್ನು ತನ್ನ ಅತ್ತೆಗೆಂದು ಅಲ್ಲೇ ಗುಡಿಸುತ್ತಿದ್ದ ನೆರೆಮನೆಯವಳಿಗೆ ಕೊಟ್ಟು, ಡಬ್ಬಿಯನ್ನು ನಳದಡಿ ತೊಳೆದು ಸೆರಗಿನಿಂದ ಒರೆಸಿದಳು. ಕಾಗದದಲ್ಲಿ ಕಟ್ಟಿದ ಸಕ್ಕರೆಯನ್ನು ಒಳಗಿಟ್ಟು ಮುಚ್ಚಳ ಒತ್ತಿದಳು.

ಕಟ್ಟೀಮನಿ ಸಾಹೇಬರು ಮೂರು ದಿನ ಪ್ರಶ್ನೆ ಕೇಳಿ, ಅವಳ ಫೋನನ್ನು ಬಿಚ್ಚಿ ನೋಡಿ, ಕೊನೆಗೆ ಸಾಕ್ಷಿ ಎಂದು ಬರೆದು ಮನೆಗೆ ಕಳಿಸಿದರು. ನಾನು ಡಬ್ಬಿಯನ್ನು ಅಣ್ಣಿಗೇರಿಗೆ ಒಯ್ದೆ. ಗಿರಣಿಯಲ್ಲಿ ಆರೇಳು ಹೆಂಗಸರಿದ್ದರು. ಚಿಗವ್ವ ಮುಚ್ಚಳ ತೆಗೆದಳು. ಹುಲಿಗೆಮ್ಮನ ಕಥೆ ಹೇಳಿದೆ. ಚಿಗವ್ವ ಗಿರಣಿ ನಿಲ್ಲಿಸಿ, ಸಕ್ಕರೆಯನ್ನು ಎಲ್ಲರ ಅಂಗೈಗೂ ಚಿಟಿಕೆ ಚಿಟಿಕೆ ಹಂಚಿದಳು, ನನಗೂ ಕೊಟ್ಟಳು. ಆಮೇಲೆ ಗುರುಸಿದ್ದವ್ವನ ಕಡೆ ನೋಡಿ, “ನಾ ಹೇಳಿದ್ದಿಲ್ಲೇನ? ಮಾನಸ್ಥ ಹೆಣಮಗಳು,” ಎಂದಳು.

ಹುಲಿಗೆಮ್ಮ ಈಗ ಗಿರಣಿ ಗೆಳತ್ಯಾರಲ್ಲಿ ಒಬ್ಬಳು. ಮೊನ್ನೆ ಕೊಪ್ಪಳದಲ್ಲಿ ಹೇಳದೆ ಕರೆಂಟು ಹೋದಾಗ ಅರ್ಧ ಮಾತಿಗೇ ನಿಂತಳು, ಮತ್ತೆ ಬಂದು ಕರೆಂಟಿನವರನ್ನು ಬೈದಳು. ಮೌನಮಾಪಕ ಅವಳ ಹೆಸರಿನ ಮುಂದೆ ಏನೂ ಇಡಲಿಲ್ಲ.

ನಾನು ದಿನಾ ಮಧ್ಯಾಹ್ನ ಒಂದು ಗಂಟೆಗೆ ಚಿಗವ್ವನಿಗೆ ಫೋನು ಮಾಡುತ್ತೇನೆ. ಮೊದಲ ದಿನ ಅವಳು ಗಾಬರಿಯಾಗಿ ಎತ್ತಿದ್ದಳು.

“ಯಾಕ, ಏನಾತು? ಇವತ್ತ ಭಾನುವಾರ ಅಲ್ಲ!”

“ಏನಿಲ್ಲ ಚಿಗವ್ವ. ಉಂಡಿಯೇನ ಅಂತ ಕೇಳಾಕ ಮಾಡಿದೆ.”

ಅತ್ತ ಗಿರಣಿಯ ಸದ್ದು ನಿಂತಿತು.

“ಉಣ್ಣಾಕತ್ತೀನಿ,” ಎಂದಳು ಚಿಗವ್ವ. “ಹುಲಿಗೆಮ್ಮ ಈಗಷ್ಟ ಕೇಳಿದ್ಳು. ನೀ ಎರಡನೇದಾಕಿ. ನಾಳೆ ಆಕಿಗಿಂತ ಲಗೂ ಮಾಡು.”